ಹಿತ್ತಾಳೆಯ ದೇವರನ್ನು ತೊಳೆಯುವ ಹೊತ್ತು

ಹಬ್ಬದ ಮುನ್ನಾದಿನ ವಿಗ್ರಹಗಳನ್ನು ತೊಳೆಯುವುದನ್ನು ಪೂಜೆಯ ಸಿದ್ಧತೆ ಎಂದೇ ಹೆಚ್ಚಿನವರು ಎಣಿಸುತ್ತಾರೆ. ನನ್ನ ಮಟ್ಟಿಗೆ ಪೂಜೆ ಶುರುವಾಗುವುದೇ ಅಲ್ಲಿಂದ. ಹೂವು, ಗಂಧ, ವಸ್ತ್ರಗಳ ನಡುವೆ ಕುಳಿತ ದೇವರಲ್ಲಿ ನಮಗೆ ಕಾಣುವುದು ಮುಖವೊಂದೇ. ಅಲಂಕಾರ ಇಳಿಸಿ ಅಂಗೈಯಲ್ಲಿ ಹಿಡಿದಾಗ ಬೆನ್ನು, ಜಡೆ, ಪೀಠದ ಅಂಚು ಎಲ್ಲವೂ ದರ್ಶನ ಕೊಡುತ್ತವೆ. ಮನೆಯಲ್ಲಿ ಪೂಜಿಸುವ ಪ್ರತಿಮೆ ಹೆಬ್ಬೆರಳಿನ ಗೆಣ್ಣಿನಷ್ಟರಿಂದ ಒಂದು ಗೇಣಿನವರೆಗೆ ಇರಬೇಕೆಂದು ಮತ್ಸ್ಯಪುರಾಣ ಹೇಳುತ್ತದೆ. ಕೈಯಾರೆ ಮೀಯಿಸಿ ಒರೆಸಲು ಒಗ್ಗುವ ಅಳತೆ ಅದು.

ನಟರಾಜನನ್ನೇ ತೆಗೆದುಕೊಳ್ಳಿ. ಡಮರು ಹಿಡಿದ ಬಲಗೈ ಸೃಷ್ಟಿ, ಅಗ್ನಿ ಹೊತ್ತ ಎಡಗೈ ಲಯ, ಅಭಯ ತೋರುವ ಕೈ ಸ್ಥಿತಿ, ಊರಿದ ಪಾದ ತಿರೋಭಾವ ಅಂದರೆ ಮರೆಮಾಡುವುದು, ಎತ್ತಿದ ಪಾದ ಅನುಗ್ರಹ. ಇದನ್ನು ಓದಿ ತಿಳಿದಿದ್ದರೂ ಒದ್ದೆ ಬಟ್ಟೆ ಹಿಡಿದು ಒಂದೊಂದು ಕೈಯನ್ನೂ ಒರೆಸುವಾಗ ಅದು ಮನಸ್ಸಿಗೆ ಇಳಿಯುವ ಬಗೆಯೇ ಬೇರೆ. ತೊಳೆಯಲು ತೀರಾ ಕಷ್ಟವಾದ ಜಾಗ ಊರಿದ ಪಾದದ ಕೆಳಗಿನದು. ಅಲ್ಲಿ ಅಪಸ್ಮಾರ ಮಲಗಿದ್ದಾನೆ, ಅಜ್ಞಾನದ ರೂಪ. ಅಭಿಷೇಕದ ನೀರು, ಕುಂಕುಮ, ದೀಪದ ಮಸಿ ಎಲ್ಲವೂ ಅವನ ಮೈಯ ಸಂದಿಯಲ್ಲಿ ತಂಗುತ್ತವೆ; ಹಸಿರು ಕಿಲುಬು ಮೊದಲು ಕಾಣಿಸುವುದೂ ಅಲ್ಲೇ. ಶಿವನು ಅವನನ್ನು ಕೊಲ್ಲದೆ ಅದುಮಿಟ್ಟಿದ್ದಾನೆ, ಅಷ್ಟೇ. ಆ ಸಂದಿಗೆ ಬಟ್ಟೆಯ ತುದಿ ತೂರಿಸುವಾಗ ನನ್ನೊಳಗೆ ತಂಗಿರುವುದು ಏನೇನು ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ತಾಮ್ರ ಮತ್ತು ಸತು ಸೇರಿ ಹಿತ್ತಾಳೆ. ಗಾಳಿ, ತೇವ, ಬೆವರಿನ ಕೈ ತಾಗಿ ಅದು ಮಂಕಾಗುವುದು ಸಹಜ. ಅದರಿಂದ ದೇವರ ಕಳೆ ಕುಂದಿತೆಂದು ಅಳುಕಬೇಕಾಗಿಲ್ಲ. ಹುಣಸೆಹಣ್ಣಿನ ಹುಳಿ ಆ ಮಂಕು ಪದರವನ್ನು ಕರಗಿಸುತ್ತದೆ. ಆದರೆ ಹುಳಿಯಲ್ಲಿ ನೆನೆಹಾಕಿ ಮರೆತರೆ ಮೇಲ್ಮೈಯ ಸತು ಕಳೆದು ತಾಮ್ರದ ಕೆಂಪು ಕಲೆಗಳು ಏಳುತ್ತವೆ. ತೆಳುವಾಗಿ ಸವರಿ, ಬೆರಳ ತುದಿಯಿಂದ ಉಜ್ಜಿ, ಆಗಲೇ ನೀರಿನಲ್ಲಿ ತೊಳೆಯಬೇಕು. ಆಮೇಲೆ ಒಣ ವಿಭೂತಿಯನ್ನು ಹತ್ತಿಬಟ್ಟೆಯಲ್ಲಿ ತೆಗೆದುಕೊಂಡು ಒರೆಸಿದರೆ ಬರುವ ಮೃದುವಾದ ಹೊಳಪೇ ನನಗೆ ಇಷ್ಟ. ಕನ್ನಡಿಯಂತೆ ಮಿನುಗಲೆಂದು ತಂತಿನಾರಿನಿಂದ ತಿಕ್ಕುವುದನ್ನು ಕಂಡರೆ ಸಂಕಟವಾಗುತ್ತದೆ. ಪಾತ್ರೆಯ ತಳಕ್ಕೆ ಸಲ್ಲುವ ಒರಟುತನ ದೇವರ ಕಣ್ಣು ಮೂಗಿಗೆ ಸಲ್ಲದು.

ಹೊಸ ವಿಗ್ರಹಗಳಿಗೆ ಕೆಲವೊಮ್ಮೆ ಪಾರದರ್ಶಕ ಲೇಪನ ಇರುತ್ತದೆ. ಅಂಥವಕ್ಕೆ ಹುಳಿ ಬೇಡ, ಮೆತ್ತನೆಯ ಒದ್ದೆ ಬಟ್ಟೆ ಸಾಕು.

ಪಂಚಾಮೃತದ ಅಭಿಷೇಕವಾದ ದಿನ ಮಾತ್ರ ಆಲಸ್ಯ ಸಲ್ಲದು. ಮೊಸರಿನ ಹುಳಿಯೂ ಜೇನಿನ ಅಂಟೂ ಬೆರಳುಗಳ ನಡುವೆ, ಕಿರೀಟದ ಗೆರೆಗಳಲ್ಲಿ ಉಳಿಯುತ್ತವೆ. ಹದ ಬಿಸಿನೀರಿನಿಂದ ತೊಳೆದು, ಸಂದುಗಳ ನೀರನ್ನೂ ಹೀರಿಸಿ, ಮೈ ಪೂರ್ತಿ ಒಣಗಿದ ಮೇಲೆಯೇ ಗಂಧ ಹಚ್ಚಬೇಕು. ಮಗುವನ್ನು ಮೀಯಿಸಿದ ತಾಯಿ ಕಿವಿಯ ಹಿಂದೆಯೂ ಮರೆಯದೆ ಒರೆಸುವಂತೆ.

ತಲೆಮಾರುಗಳಿಂದ ಪೂಜೆಗೊಂಡ ಕೆಲವು ವಿಗ್ರಹಗಳಲ್ಲಿ ಮೂಗು, ತುಟಿ ಸವೆದು ಮುಖ ನುಣುಪಾಗಿರುತ್ತದೆ. ಕಣ್ಣುಗಳನ್ನು ಮತ್ತೆ ಕೊರೆಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ವಿಗ್ರಹ ಮುರಿದಿದ್ದರೆ ಏನು ಮಾಡಬೇಕೆಂದು ಅರ್ಚಕರನ್ನು ಕೇಳಿ ನಡೆಯುವುದು ಸರಿ. ಬರೀ ಸವೆತಕ್ಕೆ ಉಳಿ ತಾಗಿಸಲು ನಾನಂತೂ ಒಪ್ಪುವುದಿಲ್ಲ. ಎಷ್ಟೋ ಹಬ್ಬಗಳ ಮುನ್ನಾದಿನ ಎಷ್ಟೋ ಕೈಗಳು ಆ ಮುಖವನ್ನು ತೊಳೆದಿವೆ; ಅದರ ಗುರುತನ್ನು ಯಾಕೆ ಅಳಿಸಬೇಕು?