ಒಲ್ಲೆ

ಇವತ್ತ ವಿಜಯಪುರದಾಗ ಅಕ್ಕನ ಮನ್ಯಾಗ ಊಟ. ಜೋಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ.

ಒಲ್ಲೆ ಒಲ್ಲೆ ಅಂತ ತಾಟಿಗೆ ಕೈ ಅಡ್ಡ ಹಿಡದ್ರೂ ಮೂರನೇ ರೊಟ್ಟಿ ಬಂದು ಬಿತ್ತು. ನಮ್ಮ ಕಡೆ ಅದು ಪ್ರೀತಿ. ತಕರಾರಿಲ್ಲ.

ಅಷ್ಟರಾಗ ಬೀಗರ ಪೈಕಿ ಒಬ್ರು ಅಕ್ಕನ ಮಗಳಿಗೆ, "ಬಾ, ಒಂದ್ ಮುದ್ದು ಕೊಡು" ಅಂದ್ರು. ಐದು ವರ್ಷದ ಕೂಸು.
"ಒಲ್ಲೆ."
ಎಲ್ಲಾರೂ ನಕ್ರು. ಅವ್ರು ಎಳಕೊಂಡು ಮುದ್ದು ತಗೊಂಡೇಬಿಟ್ರು.

ಆಕಿ ಫ್ರಾಕಿನ ತುದೀಲೆ ಗಲ್ಲ ಒರೆಸಿಕೊಂಡ್ಲು. ಒಮ್ಮೆ ಅಲ್ಲ. ಮತ್ತ, ಮತ್ತ. ಗಲ್ಲ ಕೆಂಪಾಗೂ ತನಕ.

ಒಲ್ಲೆ ಅಂದ್ರ ಸಂಕೋಚ ಅಂತ ತಿಳಕೊಳ್ಳೋದನ್ನ ನಾವು ಊಟದ ತಾಟಿನ ಮುಂದನ ಕಲ್ತೀವೇನೋ.

ಕಾನೂನಿನ್ಯಾಗೂ ಹಂಗ ಐತಿ ನೋಡ್ರಿ. 2024ರ ಜುಲೈ 1ಕ್ಕ ಹಳೇ ದಂಡ ಸಂಹಿತೆ (ಐಪಿಸಿ) ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು, ಹೆಸರು ಹೊಸಾದು. 63ನೇ ಕಲಮಿನಾಗ ಹಳೇ ವಿನಾಯಿತಿ ಹಂಗ ಉಳೀತು: ಹೆಂಡ್ತಿಗೆ 18 ತುಂಬಿದ್ರ ಗಂಡ ಮಾಡಿದ್ದು ಅತ್ಯಾಚಾರ ಅಲ್ಲ. ಆಕಿ ಒಲ್ಲೆ ಅಂದಿದ್ರೂ.

ಪಡಸಾಲ್ಯಾಗ ಕುಂತಿದ್ದ ಆಯಿ ಒಬ್ಬಾಕಿನ ಅಂದ್ಲು, "ಒಲ್ಲೆ ಅಂದಿತ್ತಲ್ಲಪಾ ಕೂಸು."

ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ನಾನೂ ತೆಲಿ ಬಗ್ಗಿಸಿ ಮೂರನೇ ರೊಟ್ಟಿ ಮುರದೆ.