ಬಿಳಿ ಗಿಟಾರಿಗೆ ಹಳೆಯ ಮೈ: ಈವರೆಗೆ ಆದ ಕೆಲಸ

ದಿನ 1

ಸ್ಟ್ರಾಟ್ ಆಕಾರದ, ಅಂದರೆ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿನ ಆಕಾರದ, ಬಿಳಿ ಗಿಟಾರ್. ನುಡಿಸಲು ಚೆನ್ನಾಗಿದೆ, ನೋಡಲು ಫ್ರಿಜ್ಜಿನ ಬಾಗಿಲು. ಇದಕ್ಕೆ ಒಂದಷ್ಟು ವಯಸ್ಸು ಕೊಡಬೇಕು ಅಂತ ಬಹಳ ದಿನಗಳಿಂದ ಆಸೆ ಇತ್ತು. "ಚೆನ್ನಾಗಿರೋದನ್ನ ಯಾಕೆ ಹಾಳು ಮಾಡ್ತೀಯ?" ಎಂದು ಮನೆಯಲ್ಲಿ ಕೇಳಿದರು. ಫೆಂಡರ್ ಕಂಪನಿಯೇ 1995ರಲ್ಲಿ ಹೊಸ ಗಿಟಾರುಗಳನ್ನು ಸವೆಸಿ 'ರೆಲಿಕ್' ಎಂಬ ಹೆಸರಿನಲ್ಲಿ ಮಾರಲು ಶುರು ಮಾಡಿತು ಎಂದೆ. ಅದು ಅವರಿಗೆ ಇನ್ನೂ ದೊಡ್ಡ ತಮಾಷೆಯಾಯಿತು.

ಮೊದಲು ಬಣ್ಣದ ಜಾತಿ ತಿಳಿಯಬೇಕು. ನೆಕ್, ಅಂದರೆ ಗಿಟಾರಿನ ಉದ್ದ ಕತ್ತು, ಬಿಚ್ಚಿದೆ. ಅದು ಕೂರುವ ಗುಳಿಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದೆ. ಹಳೇ ಗಿಟಾರುಗಳಿಗೆ ಬಳಿಯುತ್ತಿದ್ದ ನೈಟ್ರೋಸೆಲ್ಯುಲೋಸ್ ಲ್ಯಾಕರ್ (ಚಿಕ್ಕದಾಗಿ ನೈಟ್ರೋ) ಆಗಿದ್ದರೆ ಮೆತ್ತಗಾಗಿ ಕೈಗೆ ಅಂಟುತ್ತಿತ್ತು. ಇಲ್ಲಿ ಏನೂ ಆಗಲಿಲ್ಲ. ಅಂದರೆ ಪಾಲಿ, ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್ ಲೇಪ.

ಇದು ಕೆಟ್ಟ ಸುದ್ದಿ. ನೈಟ್ರೋ ತೆಳು, ಪೆಡಸು. ಬೆವರಿಗೆ, ಬಿಸಿಲಿಗೆ, ಚಳಿಗೆ ತಾನಾಗಿಯೇ ಬಳಲುತ್ತದೆ. ಫೆಂಡರ್ 1960ರ ದಶಕದ ಕೊನೆಯಲ್ಲಿ ದಪ್ಪ ಪಾಲಿಯೆಸ್ಟರಿನ ಕಡೆ ತಿರುಗಿತು. ಅದಕ್ಕಿಂತ ಹಿಂದಿನ ಗಿಟಾರುಗಳೇ ಹೆಚ್ಚಾಗಿ ಆ ಚೆಂದದ ಸವೆತ ತೋರಿಸುವುದು ಇದೇ ಕಾರಣಕ್ಕೆ. ಪಾಲಿ ಮಾತ್ರ ಪ್ಲಾಸ್ಟಿಕ್ ಚಿಪ್ಪಿನ ಹಾಗೆ. ಸವೆಯುವುದಿಲ್ಲ. ಜೋರಾಗಿ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ, ಅಷ್ಟೇ.

ದಿನ 3

ಹಳೇ ಗಿಟಾರುಗಳ ಬಣ್ಣದಲ್ಲಿ ಕಾಣುವ ಸಣ್ಣ ಬಿರುಕುಗಳ ಆಸೆ ಬಿಟ್ಟೆ. ನೈಟ್ರೋದಲ್ಲಾದರೆ ದಾರಿ ಸುಲಭ. ಚಳಿಯಲ್ಲಿ ಲ್ಯಾಕರ್ ಮರಕ್ಕಿಂತ ಹೆಚ್ಚು ಕುಗ್ಗುತ್ತದೆ, ತಡೆಯಲಾರದೆ ಸೀಳುತ್ತದೆ. ಅದಕ್ಕೇ ಬಾಡಿಯನ್ನು ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಕಂಪ್ಯೂಟರಿನ ಧೂಳು ಊದುವ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಸಿಂಪಡಿಸಿ ತಟ್ಟನೆ ತಣ್ಣಗಾಗಿಸುತ್ತಾರೆ. ನನ್ನ ಪಾಲಿ ಮೇಲೆ ಎರಡು ಸಲ ಮಾಡಿದೆ. ಒಂದು ಗೆರೆಯೂ ಬರಲಿಲ್ಲ. ಆಮೇಲೆ ಹಿಂದಿನ ಪ್ಲೇಟಿನ ಕೆಳಗೆ ಬ್ಲೇಡಿನಿಂದ ಗೆರೆ ಕೊಯ್ದು, ಕಂದು ಶೂ ಪಾಲಿಶ್ ತಿಕ್ಕಿ ನೋಡಿದೆ. ಮಕ್ಕಳು ಸ್ಕೇಲ್ ಹಿಡಿದು ಎಳೆದ ಗೆರೆಗಳ ಹಾಗೆ ಕಂಡಿತು. ಸದ್ಯ, ಪ್ಲೇಟ್ ಮುಚ್ಚುತ್ತದೆ.

ದಿನ 4

ಸ್ಯಾಂಡ್‌ಪೇಪರ್ ಹಿಡಿಯುವ ಮೊದಲು ಎಲ್ಲಿ ಸವೆಸಬೇಕು ಎಂಬ ಪ್ರಶ್ನೆ. ಮೊದಲಿನ ಯೋಚನೆ ಪೆದ್ದುತನದ್ದು: ಹಳೇ ಗಿಟಾರುಗಳ ಫೋಟೋ ನೋಡಿ ಹಾಗೆಯೇ ಮಾಡೋದು. ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್ 1963ರಲ್ಲಿ ಕೊಂಡ 1961ರ ಸ್ಟ್ರಾಟ್ ಎಲ್ಲರ ತಲೆಯಲ್ಲೂ ಇರುತ್ತೆ, ಅಲ್ವಾ? ಬಣ್ಣಕ್ಕಿಂತ ಮರವೇ ಜಾಸ್ತಿ. ಆದರೆ ಅದು ಅವನ ಕೈ, ಅವನ ಬೆವರು. ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ ಅವರ ಮಾರ್ಟಿನ್ ಗಿಟಾರಿನ ತೂತು ನೋಡಿ. ಪಿಕ್‌ಗಾರ್ಡ್ (ಪಿಕ್ಕಿನ ಗೀರು ತಡೆಯುವ ಹಾಳೆ) ಇಲ್ಲದ ಕ್ಲಾಸಿಕಲ್ ಗಿಟಾರನ್ನು ದಶಕಗಟ್ಟಲೆ ಪಿಕ್ಕಿನಿಂದ ನುಡಿಸಿದ್ದಕ್ಕೆ ಬಿದ್ದ ತೂತು ಅದು. ಒಂದೊಂದು ಗಾಯಕ್ಕೂ ಒಂದೊಂದು ಕಾರಣ. ಕಾರಣವಿಲ್ಲದ ಗಾಯವನ್ನು ಕಣ್ಣು ತಕ್ಷಣ ಹಿಡಿಯುತ್ತದೆ.

ಹಾಗಾಗಿ ನೆಕ್ ಮತ್ತೆ ಕೂರಿಸಿ, ತಂತಿ ಹಾಕಿದೆ. ಬಿಳಿ, ಹೊಳೆಯುವ ಪಾಲಿ ಅಂದರೆ ವೈಟ್‌ಬೋರ್ಡ್ ತಾನೇ! ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು, ಅಳಿಸಿದರೆ ಹೋಗುತ್ತದೆ ಎಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಅಂಚು, ಬೆನ್ನು, ಎದೆ ಎಲ್ಲ ಕಡೆ ವೈಟ್‌ಬೋರ್ಡ್ ಮಾರ್ಕರಿನಿಂದ ಗೀಚಿದೆ. ಹತ್ತಿ ಅಂಗಿ ಹಾಕಿಕೊಂಡು ಮೂರು ಸಂಜೆ ಎಂದಿನಂತೆ ನುಡಿಸಿದೆ.

ದಿನ 7

ಅಂಗಿ ಕೆಟ್ಟಿತು, ನಕ್ಷೆ ಸಿಕ್ಕಿತು.

ಮೊಳಕೈ ಕೆಳಗಿನ ತೋಳು ಒರಗುವ ಮೇಲಂಚು ಪೂರ್ತಿ ಅಳಿಸಿಹೋಗಿದೆ. ಬೆನ್ನಿನಲ್ಲಿ ಪಕ್ಕೆಲುಬು ತಾಗುವ ಕಡೆ ಅಂಗೈಯಗಲ. ತೊಡೆಯ ಮೇಲೆ ಕೂರುವ ಕೆಳಗಿನ ತಿರುವಿನಲ್ಲಿ ಉದ್ದಕ್ಕೆ ಒಂದು ಪಟ್ಟಿ. ಬೆಲ್ಟಿನ ಬಕಲ್ ಉಜ್ಜುವ ಜಾಗ, ಅಂದರೆ ಬೆನ್ನಿನ ನಡುಮಧ್ಯೆ, ಗೀಚಿದ್ದು ಗೀಚಿದಂತೆಯೇ ಇದೆ. ನಾನು ಯಾವಾಗಲೂ ಕೂತೇ ನುಡಿಸುವವನು. ದೊಡ್ಡದಾಗಿ ಬಕಲ್ ಸವೆತ ಮಾಡಬೇಕು ಅಂದುಕೊಂಡಿದ್ದೆ. ಕೈಬಿಟ್ಟೆ.

ದಿನ 8ರಿಂದ 12

ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ), ವೈರಿಂಗ್, ಬ್ರಿಡ್ಜ್ (ತಂತಿ ಕೂರುವ ಲೋಹದ ಭಾಗ) ಎಲ್ಲ ಬಿಚ್ಚಿ ಇಟ್ಟೆ. ಮಾಸ್ಕ್ ಕಡ್ಡಾಯ. ಪಾಲಿ ಧೂಳು ಬಹಳ ನಯ, ಎರಡು ದಿನ ಗಾಳಿಯಲ್ಲೇ ತೇಲುತ್ತಿರುತ್ತದೆ ಅನ್ನಿಸಿತು.

ತೋಳಿನ ಅಂಚನ್ನು ಮೊದಲು 240 ನಂಬರಿನ ಸ್ಯಾಂಡ್‌ಪೇಪರಿನಿಂದ ಹಿಡಿದೆ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ). ಮೇಲಿನ ಕ್ಲಿಯರ್ ಕೋಟ್, ಬಿಳಿ, ಅದರ ಕೆಳಗೆ ಸೀಲರ್, ಆಮೇಲೆ ಮರ. ಒಳ್ಳೆಯ ಸವೆತದಲ್ಲಿ ಈ ಪದರಗಳು ಒಂದರೊಳಗೊಂದು ಕರಗಿದಂತೆ ಕಾಣಬೇಕು. ನನ್ನದು ಮೊದಲ ದಿನ ಮೆಟ್ಟಿಲಿನ ಹಾಗಿತ್ತು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಅಂಚು ಎಲ್ಲಿದೆ ಎಂದು ಹೇಳಬಹುದಿತ್ತು. ತಪ್ಪು ಏನೆಂದರೆ, ಪೇಪರನ್ನು ಮರದ ತುಂಡಿಗೆ ಸುತ್ತಿದ್ದೆ. ತೋಳು ಮರದ ತುಂಡಲ್ಲ. ಆಮೇಲೆ ಪೇಪರನ್ನು ಅಂಗೈಗೆ ಸುತ್ತಿಕೊಂಡು, ತೋಳು ಚಲಿಸುವ ದಿಕ್ಕಿನಲ್ಲೇ ಎಳೆದೆ: 320, 400, 800. ಮೂರು ದಿನ ಹಿಡಿಯಿತು. ಈಗ ಮೆಟ್ಟಿಲು ಇಳಿಜಾರಾಗಿದೆ.

ನೀರು ಹಾಕಿ ಉಜ್ಜಿದರೆ ಧೂಳು ಇರುವುದಿಲ್ಲ, ನಿಜ. ಆದರೆ ಬರಿ ಮರ ತೆರೆದ ಮೇಲೆ ನೀರು ಬೇಡ. ಸ್ಟ್ರಾಪ್ ಬಟನ್ನಿನ (ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿಯ) ಸ್ಕ್ರೂ ತೂತಿನ ಪಕ್ಕ ಒದ್ದೆ ಪೇಪರ್ ಬಳಸಿದ್ದೆ. ನೀರು ಒಳಗೆ ಇಳಿದು, ಮರ ಉಬ್ಬಿ, ತೂತಿನ ಸುತ್ತ ಬಣ್ಣ ಸೀಳಿತು. ಎರಡು ವಾರದ ಕೆಲಸದಲ್ಲಿ ನಾನು ಬೇಕಂತ ಮಾಡದ ಗಾಯ ಇದೊಂದೇ. ಬೇಜಾರೇನೆಂದರೆ, ಎಲ್ಲಕ್ಕಿಂತ ನಿಜವಾಗಿ ಕಾಣುವುದೂ ಇದೇ.

ದಿನ 13

ತೆರೆದ ಮರ ಹಲಸಿನ ತೊಳೆಯ ಹಾಗೆ ತಿಳಿ ಹಳದಿ. ಎಷ್ಟೋ ವರ್ಷ ಬೆವರು ಕುಡಿದ ಮರ ಹೀಗಿರುವುದಿಲ್ಲ, ಕಪ್ಪಗೆ ಮಾಸಿರುತ್ತದೆ. ಗಟ್ಟಿ ಟೀ ಡಿಕಾಕ್ಷನ್ನನ್ನು ಬಟ್ಟೆಯಲ್ಲಿ ಹಿಂಡಿ, ಹೆಚ್ಚುಕಡಿಮೆ ಒಣಗಿದ ಬಟ್ಟೆಯಿಂದ ಐದು ಸಲ ಒರೆಸಿದೆ. ಮೇಲೆ ಚೂರು ಕಂದು ಶೂ ಪಾಲಿಶ್, ಬೆರಳ ತುದಿಯಿಂದ, ಮರ ಮತ್ತು ಬಣ್ಣ ಸೇರುವ ಕಡೆ ಮಾತ್ರ ಸ್ವಲ್ಪ ಜಾಸ್ತಿ. ಕೊಳೆ ನಿಲ್ಲೋದು ಅಲ್ಲೇ.

ಬಿಳಿಯನ್ನು ಮಾತ್ರ ಗೆಲ್ಲಲಾಗಲಿಲ್ಲ. ಹಳೇ ಗಿಟಾರಿನ ಬಿಳಿ ಕೆನೆಗಟ್ಟಿದ ಹಾಲಿನ ಬಣ್ಣಕ್ಕೆ ತಿರುಗುವುದು ಮೇಲಿನ ನೈಟ್ರೋ ಹಳದಿಯಾಗುವುದರಿಂದ. ನೀಲಿ ಗಿಟಾರುಗಳು ಹಸಿರಿನ ಕಡೆ ವಾಲುವುದೂ ಹಾಗೆಯೇ. ನನ್ನ ಪಾಲಿ ಮೇಲೆ ಟೀ ಆಗಲಿ ಕಾಫಿ ಆಗಲಿ ನಿಲ್ಲದೆ ಜಾರಿತು. ಕೊನೆಗೆ 1500 ಪೇಪರಿನಿಂದ ಹೊಳಪು ಮುರಿದು, ಜೇನಿನ ಛಾಯೆಯ ಕ್ಲಿಯರ್ ಸ್ಪ್ರೇಯನ್ನು ದೂರದಿಂದ ಎರಡು ಸಲ ಹಾಯಿಸಿದೆ. ಪರವಾಗಿಲ್ಲ. ಟ್ಯೂಬ್‌ಲೈಟಿನ ಕೆಳಗೆ ನೋಡಬಾರದು, ಅಷ್ಟೇ.

ದಿನ 15

ಲೋಹದ ಸರದಿ. ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಲೋಟ ವಿನಿಗರ್, ಅದಕ್ಕೆ ಎರಡು ಚಮಚ ಉಪ್ಪು. ಸ್ಕ್ರೂಗಳ ತಲೆಯನ್ನು ಪೇಪರಿನಿಂದ ಕೆರೆದು, ವಿನಿಗರಿಗೆ ತಾಗದಂತೆ ಮೇಲೆ ತೂಗುಹಾಕಿ ಮುಚ್ಚಿದೆ. ಎರಡನೇ ದಿನಕ್ಕೆ ತುಕ್ಕು. ಹುಮ್ಮಸ್ಸಿನಲ್ಲಿ ಒಂದು ಮರೆತೆ: ಮುಚ್ಚಳ ಬಿಗಿಯಾಗಿರಲಿಲ್ಲ, ಪಕ್ಕದಲ್ಲೇ ಸ್ಕ್ರೂಡ್ರೈವರ್ ಸೆಟ್ ಇತ್ತು. ಅದಕ್ಕೂ ಈಗ ವಯಸ್ಸಾಗಿದೆ. ಬ್ರಿಡ್ಜಿನ ಮೇಲಿನ ಕ್ರೋಮ್ ಮಾತ್ರ ಮೊಂಡು, ಸ್ವಲ್ಪವೂ ಮಂಕಾಗಲಿಲ್ಲ. ಸ್ಟೀಲ್ ವುಲ್ ಹಿಡಿದು ತಿಕ್ಕಿದೆ.

ಸ್ಟೀಲ್ ವುಲ್ ಹಿಡಿಯುವವರು ಪಿಕಪ್‌ಗಳನ್ನು ಬೇರೆ ಕೋಣೆಗೆ ಸಾಗಿಸಿ. ನಾನು ಬಿಚ್ಚಿಟ್ಟಿದ್ದೇನೋ ನಿಜ, ಆದರೆ ಅದೇ ಮೇಜಿನ ಇನ್ನೊಂದು ತುದಿಯಲ್ಲಿ. ಅಯಸ್ಕಾಂತ ಕಬ್ಬಿಣದ ಧೂಳನ್ನು ಬಿಡುತ್ತದೆಯೇ? ಮೂರೂ ಪಿಕಪ್‌ಗೆ ಗಡ್ಡ ಬೆಳೆದಿತ್ತು. ಅಂಟುಟೇಪ್ ಒತ್ತಿ ಒತ್ತಿ ಕಿತ್ತು ತೆಗೆಯುವಷ್ಟರಲ್ಲಿ ಸಂಜೆಯಾಯಿತು.

ದಿನ 17

ಎಲ್ಲ ಜೋಡಿಸಿ ತಂತಿ ಹಾಕಿದೆ. ನಾದ ಮೊದಲಿನಂತೆಯೇ ಇದೆ. ಹಾಗೆಯೇ ಇರಬೇಕಲ್ಲ, ಬಣ್ಣ ಕೆರೆದರೆ ಪಿಕಪ್‌ಗೇನು ಗೊತ್ತು? ಆದರೆ ತೋಳು ಇಟ್ಟಾಗ ಅಂಟುತ್ತಿದ್ದ ಹೊಳಪು ಈಗಿಲ್ಲ. ಮರ ಬೆಚ್ಚಗೆ ತಾಗುತ್ತದೆ. ಸುಮ್ನೆ ಕೂತು ಒಂದು ಗಂಟೆ ನುಡಿಸಿದೆ.

ನೆಕ್ ಮುಟ್ಟಿಲ್ಲ. ಫ್ರೆಟ್‌ಬೋರ್ಡಿನ ಮೇಲೆ ನಕಲಿ ಬೆರಳ ಗುರುತು ಮಾಡುವುದಕ್ಕೆ ಇನ್ನೂ ಮನಸ್ಸು ಬರುತ್ತಿಲ್ಲ. ಅದಕ್ಕಿಂತ ಅರ್ಜೆಂಟ್ ಕೆಲಸ ಒಂದಿದೆ. ಮೇಲಿನ ಸ್ಟ್ರಾಪ್ ಬಟನ್ನನ್ನು ಡಬ್ಬಿಗೆ ಹಾಕಲು ಮರೆತಿದ್ದೆ. ಇಡೀ ಗಿಟಾರಿನಲ್ಲಿ ಅದೊಂದೇ ಮದುವೆಗೆ ಹೊರಟ ಹಾಗೆ ಹೊಳೆಯುತ್ತಿದೆ. ಇವತ್ತು ರಾತ್ರಿ ಅದು ವಿನಿಗರ್ ಮೇಲೆ. ಸ್ಕ್ರೂಡ್ರೈವರುಗಳು ಪಕ್ಕದ ಕೋಣೆಯಲ್ಲಿ.