ಮುಖ ಕೆಳಗಾಗಿ ಬಿದ್ದ ಬುದ್ಧ

ದಕ್ಷಿಣ ಕೊರಿಯಾದ ಗ್ಯೊಂಗ್ಜು ಒಂದು ಕಾಲದಲ್ಲಿ ಸಿಲ್ಲಾ ರಾಜ್ಯದ ರಾಜಧಾನಿ. ಊರಿಗೆ ಅಂಟಿಕೊಂಡೇ ನಾಮ್ಸಾನ್ ಬೆಟ್ಟ ಇದೆ. ಅತಿ ಎತ್ತರದ ಶಿಖರವೂ 494 ಮೀಟರ್ ಅಷ್ಟೇ. ಆದರೆ ಸಿಲ್ಲಾದ ಜನಕ್ಕೆ ಇದು ಬುದ್ಧನ ನೆಲೆ. ಕಣಿವೆ ಕಣಿವೆಯಲ್ಲೂ ಒಳ್ಳೆ ಬಂಡೆ ಕಂಡಲ್ಲಿ ಅವನನ್ನು ಕೆತ್ತಿದರು.

ಬೆಳಿಗ್ಗೆ ಸಮ್ನುಂಗ್ ಕಣಿವೆಯಿಂದ ಹತ್ತಿದೆವು. ಸೊಟ್ಟ ಪೈನ್ ಮರಗಳ ನಡುವೆ ಮೂರು ರಾಜಗೋರಿಗಳು. ಸ್ವಲ್ಪ ಮೇಲೆ ದಾರಿ ಪಕ್ಕದಲ್ಲೇ ತಲೆಯಿಲ್ಲದ ಬುದ್ಧ ಕೂತಿದ್ದಾನೆ. ಕೈಗಳೂ ಇಲ್ಲ. ಆದರೆ ಎಡ ಭುಜದಿಂದ ಇಳಿಬಿದ್ದ ದಾರದ ಗಂಟು, ಅದರ ಕುಚ್ಚು, ಈಗ ತಾನೇ ಯಾರೋ ಕಟ್ಟಿದ ಹಾಗಿದೆ. ಗ್ರಾನೈಟಿನಲ್ಲಿ ಇಷ್ಟು ನಯವಾಗಿ ಕೆತ್ತಿದ ಕೈ ಎಂಥದ್ದಿರಬೇಕು! ತುಂಬಾ ಹೊತ್ತು ಅಲ್ಲೇ ನಿಂತೆ.

ನಿಜವಾಗಿ ನಾನು ನೋಡಬೇಕೆಂದಿದ್ದು ಬೆಟ್ಟದ ದಕ್ಷಿಣ ಬದಿಯ ಯೊರಮ್‌ಗೋಕ್ ಕಣಿವೆ. ಮಧ್ಯಾಹ್ನ ಅಲ್ಲಿಗೆ ಹೋದೆವು. 2007ರಲ್ಲಿ ಇಲ್ಲಿ ಒಂದು ದೊಡ್ಡ ಬಂಡೆಯ ಅಡಿಯಲ್ಲಿ ನಿಂತ ಬುದ್ಧನ ಕೆತ್ತನೆ ಪತ್ತೆಯಾಯಿತು. ಬಂಡೆಯೇ ಯಾವಾಗಲೋ ಮುಂದಕ್ಕೆ ಉರುಳಿ, ಬುದ್ಧ ಬೋರಲಾಗಿದ್ದಾನೆ. ಮೂಗಿನ ತುದಿಗೂ ಕೆಳಗಿನ ಕಲ್ಲಿಗೂ ನಡುವೆ ಬರೀ 5 ಸೆಂಟಿಮೀಟರ್! ಕುಕ್ಕರುಗಾಲಲ್ಲಿ ಕೂತು, ತಲೆ ಬಗ್ಗಿಸಿ ಸಂದಿಯೊಳಗೆ ನೋಡಿದೆ. ಮೊದಲು ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಉದ್ದನೆಯ ಮೂಗು, ಉಬ್ಬಿದ ಕೆನ್ನೆ ಕಂಡವು. ಮಳೆ ಗಾಳಿ ತಾಗದೆ ಹಾಗೇ ಉಳಿದಿವೆ. ನೆಟ್ಟಗೆ ಕೂತವನ ತಲೆ ಹೋಗಿದೆ, ಬಿದ್ದವನ ಮೂಗು ಕೂಡ ಮುಕ್ಕಾಗಿಲ್ಲ. ಮೈ ಜುಮ್ಮೆಂದಿತು.

ಅಲ್ಲಿ ಕೈಮುಗಿದು ನಿಂತಿದ್ದ ಅಜ್ಜಿಯೊಬ್ಬರು ಡಬ್ಬಿ ತೆಗೆದು ನಮಗೂ ಸೌತೆಕಾಯಿ ಹೋಳು ಕೊಟ್ಟರು. ಕೊರಿಯಾದಲ್ಲಿ ಬೆಟ್ಟ ಹತ್ತುವವರ ಚೀಲದಲ್ಲಿ ಇದು ಸಾಮಾನ್ಯ. ಅವರು ಹೇಳಿದ್ದನ್ನು ಜೊತೆಗಿದ್ದ ಕೊರಿಯನ್ ಗೆಳೆಯ ನನಗೆ ತಿಳಿಸಿದ: "ನಾನು ಬದುಕಿರುವಾಗಲೇ ಎಬ್ಬಿಸಿ ನಿಲ್ಲಿಸಲಿ. ಮುಖ ಪೂರ್ತಿ ನೋಡಬೇಕು."

ಅವರ ಆಸೆ ಸಹಜ ಅಲ್ವಾ? ಆದರೆ ಬಂಡೆ ಸುಮಾರು 80 ಟನ್ ಇದೆ. ಜಾಗ ಕಡಿದಾದ ಇಳಿಜಾರು, ದೊಡ್ಡ ಕ್ರೇನ್ ಬರುವ ದಾರಿ ಇಲ್ಲ. ಎತ್ತುವಾಗ ಒಂದಿಷ್ಟು ಜಾರಿದರೂ ಇಷ್ಟು ಕಾಲ ಉಳಿದ ಮುಖ ಹೋಯಿತು. ಅದಕ್ಕೇ ನನ್ನ ಮಟ್ಟಿಗೆ ಅವಸರ ಬೇಡ. ಜಾರದ ಹಾಗೆ ಎತ್ತುವ ದಾರಿ ಖಾತ್ರಿಯಾಗುವವರೆಗೂ ಅವನು ಹಾಗೇ ಮಲಗಿರಲಿ, ನೋಡಬೇಕೆನ್ನುವವರು ನಾವೇ ಬಗ್ಗೋಣ.